ಊರೂರು ಸುತ್ತೋ ಅತ್ತೆಗೆ ಏನು ಕೊಡಲಿ? ಬಜೆಟ್ 1,500 ರೂಪಾಯಿ

ಮೈಸೂರು ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮತ್ತೆ ಈ ತಿಂಗಳ 31ಕ್ಕೆ ನಿವೃತ್ತಿ ಆಗ್ತಿದ್ದಾರೆ. ತಿಪಟೂರು ಕಡೆಯ ಹೈಸ್ಕೂಲುಗಳಲ್ಲಿ 33 ವರ್ಷ ಕನ್ನಡ ಪಾಠ ಹೇಳಿದವರು. ಪಾಠ ಬಿಟ್ಟರೆ ಅವರಿಗೆ ಪ್ರಾಣ ಅಂದ್ರೆ ಊರು ಸುತ್ತೋದು. ಮಾವ ಇದ್ದಾಗ ವರ್ಷಕ್ಕೊಂದು ಧರ್ಮಸ್ಥಳ, ಅಷ್ಟೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಅಲ್ಲಿಂದ ಅವರು ಮತ್ತು ಸ್ಟಾಫ್ ರೂಮಿನ ನಾಲ್ಕು ಜನ ಗೆಳತಿಯರು ಒಂದು ಎರಡನೇ ಶನಿವಾರವೂ ಮನೇಲಿ ಕೂತಿಲ್ಲ. ಹೊರನಾಡು, ಶೃಂಗೇರಿ, ಬಾದಾಮಿ, ಕೂಡಲಸಂಗಮ ಎಲ್ಲಾ ಆಯ್ತು. ಬನವಾಸಿಯಿಂದ ಬಂದ ದಿನ ಊಟಕ್ಕೆ ಕೂತಾಗ, ಅಲ್ಲಿನ ನಂದಿ ಒಂದು ಕಣ್ಣಲ್ಲಿ ಶಿವನ್ನ, ಇನ್ನೊಂದು ಕಣ್ಣಲ್ಲಿ ಪಾರ್ವತೀನ ನೋಡುತ್ತೆ ಅಂತ ಕತ್ತು ಓರೆ ಮಾಡಿ ತೋರಿಸಿದ್ರು. ಸಾರು ಆರಿ ತಣ್ಣಗಾಯ್ತು, ಕಥೆ ಮುಗೀಲಿಲ್ಲ.

ಈಗ ಸೆಪ್ಟೆಂಬರ್‌ನಲ್ಲಿ ಐವರೂ ಕಾಶಿ, ಪ್ರಯಾಗ, ಅಯೋಧ್ಯೆಗೆ ಹೊರಟಿದ್ದಾರೆ. ಟೂರಿನವರ ಜೊತೆ ಅಲ್ಲ, ತಾವೇ ರೈಲಿನಲ್ಲಿ. ಡಿಸೆಂಬರ್‌ನಲ್ಲಿ ನಾದಿನಿ ಮನೆಗೆ ಅಂತ ಜರ್ಮನಿ.

ಏನು ಕೊಡಲಿ ಅಂತ ತಲೆ ಕೆಡಿಸಿಕೊಂಡಿದ್ದೀನಿ. ಹೋದ ವರ್ಷ ಹುಟ್ಟುಹಬ್ಬಕ್ಕೆ ದೊಡ್ಡ ಟ್ರಾಲಿ ಬ್ಯಾಗ್ ಕೊಟ್ಟೆ. ಬೀರುವಿನ ಮೇಲೆ ಕೂತಿದೆ, ಒಳಗೆ ಹಳೇ ರಗ್ಗು. ಅವರು ಇವತ್ತಿಗೂ ಹೆಗಲಿಗೆ ಹಾಕೋ ಬಟ್ಟೆ ಬ್ಯಾಗೇ ಒಯ್ಯೋದು. ಕತ್ತಿಗೆ ಹಾಕೋ ದಿಂಬು ಕೊಟ್ಟೆ, ಟಿವಿ ಮುಂದೆ ಸೊಂಟಕ್ಕೆ ಒತ್ತು ಕೊಡ್ತಿದೆ. ಈ ಸಲ ಅವರ ಬ್ಯಾಗಿನೊಳಗೆ ನಿಜವಾಗಿ ಜಾಗ ಪಡೆಯುವಂಥದ್ದು ಕೊಡಬೇಕು. 1,500ರ ಒಳಗೆ. ವಯಸ್ಸು 60, ಮಂಡಿ ನೋವಿದೆ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತಾರೆ, ಹಿಂದಿ ಅಷ್ಟಕ್ಕಷ್ಟೆ. ಅನುಭವ ಇರೋರು ಹೇಳಿ.

ಚಾರಣಿಗ, ಚಿಕ್ಕಮಗಳೂರು:

ಮೇಡಂ, ತಲೆಗೆ ಕಟ್ಟೋ ಟಾರ್ಚ್ ಕೊಡಿ. 400-500ಕ್ಕೆ ಚೆನ್ನಾಗಿರೋದೇ ಸಿಗುತ್ತೆ. ಕುಮಾರ ಪರ್ವತ ಇಳಿಯುವಾಗ ಒಂದು ಸಲ ಕತ್ತಲಾಯ್ತು. ಮೊಬೈಲ್ ಬೆಳಕು ಹಿಡಿದವರೆಲ್ಲ ಒಂದೇ ಕೈಯಲ್ಲಿ ಇಳಿದು ಜಾರಿಬಿದ್ರು. ನನಗೆ ಎರಡೂ ಕೈ ಬಿಡುವಾಗಿತ್ತು, ಬೇರು ಹಿಡ್ಕೊಂಡು ಇಳಿದೆ. ಗೆಳೆಯ ಹುಟ್ಟುಹಬ್ಬಕ್ಕೆ ಕೊಟ್ಟದ್ದು ಅದು, ಇವತ್ತಿಗೂ ಅದೇ. ಬೆಟ್ಟಕ್ಕೇ ಹೋಗಬೇಕು ಅಂತಿಲ್ಲ, ರೈಲಿನಲ್ಲಿ ರಾತ್ರಿ ಬರ್ತ್ ಕೆಳಗೆ ಚಪ್ಪಲಿ ಹುಡುಕೋಕೂ ಆಗುತ್ತೆ.

ಜೊತೆಗೆ 20,000 ಎಂಎಎಚ್ ಪವರ್ ಬ್ಯಾಂಕ್.

ಅಡಿಗೆ ಭಟ್ಟ, ಸಾಗರ:

ತಂಗೀ, ನಾನು 19 ವರ್ಷ ಯಾತ್ರೆ ಗುಂಪುಗಳ ಜೊತೆ ಅಡಿಗೆಗೆ ಹೋದವನು. ಕಾಶಿ, ಗಯಾ, ಬದರಿ, ಪುರಿ, ರಾಮೇಶ್ವರ. ಒಂದು ಗುಂಪಿನಲ್ಲಿ 40 ಜನ, ಅದರಲ್ಲಿ 30 ಜನ ನಿಮ್ಮತ್ತೆ ವಯಸ್ಸಿನವರು. ಬೆಳಿಗ್ಗೆ ಮೂರೂವರೆಗೆ ಒಲೆ ಹಚ್ಚುತ್ತಿದ್ದವನು ನಾನೊಬ್ಬನೇ ಆದ್ದರಿಂದ, ಏನು ಬೇಕಾದರೂ ನನ್ನ ಹತ್ತಿರವೇ ಬರುತ್ತಿದ್ದರು. "ಭಟ್ರೇ, ಒಂದು ಪಿನ್ನು ಇದೆಯಾ?" "ಭಟ್ರೇ, ಸೂಜಿ ದಾರ?" "ಹಗ್ಗ?" ಯಾರೂ ಒಂದು ದಿನವೂ ದಿಂಬು ಕೇಳಲಿಲ್ಲ. ಕೇಳಿದ್ದನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಳ್ಳಲು ಶುರು ಮಾಡಿದೆ, ಆ ಡಬ್ಬಿಯಲ್ಲಿದ್ದದ್ದನ್ನೇ ನಿಮಗೆ ಹೇಳುತ್ತೇನೆ.

ಹಗ್ಗದ ಮಾತು ಮೊದಲು. ಕಾಶಿಗೆ ಹೋದ ಮೇಲೆ ಗಂಗೆಯಲ್ಲಿ ಮುಳುಗದೆ ಬರುವುದುಂಟೇ? ಮುಳುಗಿ ಬಂದ ಮೇಲೆ ಐದು ಜನರ ಐದು ಒದ್ದೆ ಸೀರೆ, ಕೋಣೆಗೊಂದೇ ಕಿಟಕಿ. ಸರಳಿಗೆ ಒಬ್ಬರದು ಹರವಿದರೆ ಉಳಿದವರದು ಮುದ್ದೆಯಾಗಿ ಪ್ಲಾಸ್ಟಿಕ್ ಕವರಿನಲ್ಲಿ ಕೂತು ಮಾರನೇ ದಿನಕ್ಕೆ ಮುಗ್ಗಲು ವಾಸನೆ. ಐದು ಮೀಟರ್ ನೈಲಾನ್ ಹಗ್ಗ, ಒಂದು ಡಜನ್ ಬಟ್ಟೆ ಕ್ಲಿಪ್ಪು. ಎರಡೂ ಸೇರಿ ನೂರು ರೂಪಾಯಿ ದಾಟುವುದಿಲ್ಲ, ಮುಷ್ಟಿಯಲ್ಲಿ ಹಿಡಿಯುತ್ತದೆ. ಸೆಪ್ಟೆಂಬರಿನಲ್ಲಿ ಅಲ್ಲಿ ಸೆಖೆ ಇರುತ್ತದೆ, ಮಳೆಯೂ ಪೂರ್ತಿ ಬಿಟ್ಟಿರುವುದಿಲ್ಲ. ಗಂಗೆ ಇನ್ನೂ ತುಂಬಿಕೊಂಡಿರುತ್ತಾಳೆ, ಕೆಳಗಿನ ಮೆಟ್ಟಿಲುಗಳು ನೀರಿನಲ್ಲೇ, ಮೇಲಿನವುಗಳ ಮೇಲೆ ಹೂಳು. ಮಂಡಿ ನೋವು ಅಂದಿರಲ್ಲ, ಸವೆದ ಚಪ್ಪಲಿಯಲ್ಲಿ ಕಳಿಸಬೇಡಿ. ಅಳತೆ ಗೊತ್ತಿದ್ದರೆ ಹಿಡಿತ ಇರುವ ಒಂದು ಜೊತೆ ರಬ್ಬರ್ ಚಪ್ಪಲಿಯೇ ದೊಡ್ಡ ಉಡುಗೊರೆ.

ಟರ್ಕಿ ಟವೆಲ್ ಕೊಡಲೇಬೇಡಿ. ಕರಾವಳಿಯವರು ಬೈರಾಸು ಅನ್ನುತ್ತಾರಲ್ಲ, ತೆಳುವಾದ ಕೈಮಗ್ಗದ ಹತ್ತಿ ಬಟ್ಟೆ, ಅದನ್ನು ಎರಡು ಕೊಡಿ. ಮೈ ಒರೆಸಬಹುದು, ತಲೆಗೆ ಸುತ್ತಬಹುದು, ರೈಲಿನಲ್ಲಿ ಹಾಸಿ ಮಲಗಬಹುದು. ಫ್ಯಾನಿನ ಕೆಳಗೆ ಹರವಿದರೆ ಎರಡು ಗಂಟೆಯಲ್ಲಿ ಗರಿಗರಿ.

ಇನ್ನು ರೈಲು. ಬೆಂಗಳೂರಿಂದ ಆ ಕಡೆಗೆ ಎರಡು ರಾತ್ರಿ ಕಳೆಯಬೇಕು. ಕೆಳಗಿನ ಬರ್ತ್ ಅಡಿಯಲ್ಲಿ ಕಬ್ಬಿಣದ ಕೊಕ್ಕೆ ಇರುತ್ತದೆ, ಸರಪಳಿ ಹಾಕಿ ಬ್ಯಾಗು ಕಟ್ಟಲೆಂದೇ. ಸರಪಳಿಗೆ ನಂಬರ್ ಬೀಗ ಕೊಡಿ, ಕೀಲಿ ಬೀಗ ಬೇಡ. ಒಬ್ಬರು ಬೀಗದ ಕೈಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಸ್ನಾನಕ್ಕಿಳಿದು ಗಂಗೆಗೇ ಅರ್ಪಿಸಿ ಬಂದರು. ನನ್ನ ಕೊಬ್ಬರಿ ಒಡೆಯುವ ಕತ್ತಿಯ ಹಿಂಬದಿಯಿಂದ ಬೀಗ ಒಡೆದೆ.

ದುಡ್ಡು ಖರ್ಚಿಲ್ಲದ ಉಡುಗೊರೆಯೊಂದಿದೆ. ಟಿಕೆಟ್ ನೀವೇ ಮಾಡಿಸಿಕೊಡಿ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ, ಆದರೆ ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಇದ್ದರೆ ಮಾತ್ರ. ಐವರನ್ನೂ ಒಟ್ಟಿಗೆ ಹಾಕಿದರೆ ಯಾರಿಗೋ ಮೇಲಿನದು ಬಂದು ಆ ಮಂಡಿಯಲ್ಲಿ ಏಣಿ ಹತ್ತಬೇಕು. ಇಬ್ಬರು, ಇಬ್ಬರು, ಒಬ್ಬರು ಅಂತ ಒಡೆದು ಮಾಡಿಸಿ. ಮೊಘಲ್‌ಸರಾಯ್‌ನಲ್ಲಿ ಇಳಿಯುವುದಾದರೆ, 2018ರಿಂದ ಅದಕ್ಕೆ ದೀನದಯಾಳ್ ಉಪಾಧ್ಯಾಯ ಅಂತ ಹೆಸರು, ಅಲಹಾಬಾದ್ ಸ್ಟೇಷನ್ನಿಗೆ 2020ರಿಂದ ಪ್ರಯಾಗರಾಜ್ ಅಂತ. ಹಳೇ ಹೆಸರನ್ನೇ ಬೋರ್ಡಿನಲ್ಲಿ ಹುಡುಕುತ್ತಾ ಕೂತರೆ ರೈಲು ಮುಂದೆ ಹೋಗಿರುತ್ತದೆ.

ಕೊನೆಯದು, ಇದಕ್ಕಾಗಿಯೇ ಇಷ್ಟು ಬರೆದೆ. ಕಾಶಿ ವಿಶ್ವನಾಥನ ಗುಡಿಯೊಳಗೆ ಮೊಬೈಲು, ಬ್ಯಾಗು ಬಿಡುವುದಿಲ್ಲ, ಹೊರಗೆ ಲಾಕರಿನಲ್ಲಿಟ್ಟು ಹೋಗಬೇಕು. ಆಗ ಎಲ್ಲರ ನಂಬರೂ ಲಾಕರಿನಲ್ಲಿ, ಮನುಷ್ಯ ಮಾತ್ರ ಗಲ್ಲಿಯಲ್ಲಿ. ನಮ್ಮ ಗುಂಪಿನ ಒಬ್ಬ ಅಮ್ಮ ದರ್ಶನ ಮುಗಿಸಿ ಬೇರೆ ಬಾಗಿಲಿನಿಂದ ಹೊರಬಿದ್ದು ಗೊದೌಲಿಯಾ ಕಡೆ ಹೋಗಿಬಿಟ್ಟರು. ಹಿಂದಿ ಒಂದಕ್ಷರ ಬಾರದು. ತಂಗಿದ ಛತ್ರದ ಹೆಸರು ಗೊತ್ತಿಲ್ಲ, "ಮುಂದೆ ಅರಳಿಮರ ಇದೆ" ಅನ್ನುವುದಷ್ಟೇ ಗೊತ್ತು. ಕಾಶಿಯಲ್ಲಿ ಅರಳಿಮರ ಎಷ್ಟಿಲ್ಲ? ಮೂರು ಗಂಟೆ ಹುಡುಕಿದೆವು. ಹನುಮಾನ್ ಘಾಟಿನ ಸುತ್ತ ನಮ್ಮ ಕಡೆಯವರು ಇರುತ್ತಾರೆ, ಯಾರೋ ಕನ್ನಡ ಕೇಳಿ ಕೂರಿಸಿಕೊಂಡು ಹಾಲು ಕೊಟ್ಟಿದ್ದರು, ಅಲ್ಲಿ ಸಿಕ್ಕರು. ನನ್ನನ್ನು ಕಂಡದ್ದೇ ಕೈ ಹಿಡಿದವರು ಛತ್ರ ಮುಟ್ಟುವವರೆಗೂ ಬಿಡಲಿಲ್ಲ. ಆ ಕೈ ನಡುಗುತ್ತಿದ್ದದ್ದು ನನಗೆ ಇನ್ನೂ ನೆನಪಿದೆ.

ಅವತ್ತಿನಿಂದ ಪ್ರತಿಯೊಬ್ಬರ ಕೊರಳಿಗೂ ಒಂದು ಚೀಟಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ. ಹೆಸರು, ಜೊತೆಯವರ ಎರಡು ನಂಬರ್, ಊರಿನ ಒಂದು ನಂಬರ್, ತೆಗೆದುಕೊಳ್ಳುವ ಮಾತ್ರೆ, ರಕ್ತದ ಗುಂಪು. ತಂಗುವ ಜಾಗದ ಹೆಸರಿಗೆ ಹಿಂಬದಿ ಖಾಲಿ ಬಿಡಿ, ಊರು ಬದಲಾದ ಹಾಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ. ಹಿಂದಿಯಲ್ಲಿ ಒಂದು ಸಾಲು: "ಮೈಂ ಅಪನೇ ಸಾಥಿಯೋಂ ಸೇ ಬಿಛಡ್ ಗಯೀ ಹೂಂ, ಕೃಪಯಾ ಇಸ್ ನಂಬರ್ ಪರ್ ಫೋನ್ ಕೀಜಿಯೇ." ಕೊರಳಿಗೆ ಹಾಕುವ ತೆಳು ಚೀಲ 150ರೊಳಗೆ ಸಿಗುತ್ತದೆ. ಚೀಟಿ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ನೀವೇ ದುಂಡಗೆ ಬರೆಯಿರಿ.

ಮೈಸೂರು ಸೊಸೆ:

ಭಟ್ಟರೇ, ಓದ್ತಾ ಓದ್ತಾ ಕಣ್ಣು ತುಂಬಿಬಂತು. ಬಾದಾಮಿಯಲ್ಲಿ ಅತ್ತೆ ಫೋನ್ ಆಫ್ ಆಗಿ ರಾತ್ರಿ ಒಂಬತ್ತರವರೆಗೂ ಸಿಕ್ಕಿರಲಿಲ್ಲ, ನಾವಿಬ್ಬರೂ ಊಟ ಮಾಡಿರಲಿಲ್ಲ. ಆ ಕೊರಳ ಚೀಲದಲ್ಲಿ ಆಧಾರ್ ಕಾರ್ಡೂ ಇಡಬಹುದಲ್ವಾ? ಬಸ್ಸಲ್ಲಿ ಕಂಡಕ್ಟರ್ ಬಂದಾಗಲೆಲ್ಲ ಇಡೀ ಬ್ಯಾಗು ಮಡಿಲಿಗೆ ಸುರ್ಕೊಂಡು ಹುಡುಕ್ತಾರೆ.

ಅಡಿಗೆ ಭಟ್ಟ, ಸಾಗರ:

ಅದಕ್ಕೇ ಅದು. ಸೆರಗಿನ ಒಳಗೆ ಹಾಕಿಕೊಳ್ಳಲಿ. ಬಣ್ಣ ಗಾಢ ಇದ್ದರೆ ಬೆವರಿನ ಕಲೆ ಕಾಣುವುದಿಲ್ಲ.

ಹಾವೇರಿ ಅಕ್ಕ:

ಮೈಸೂರು ತಂಗೆವ್ವ, ಎಲ್ಲಾರೂ ಛಲೋ ಹೇಳ್ಯಾರ. ಆದ್ರ ಒಂದು ಮಾತು ಯಾರೂ ಎತ್ತಲಿಲ್ಲ, ಗಂಡಸರು ಎತ್ತೂದೂ ಇಲ್ಲ. ನಾನ ಎತ್ತತೀನಿ. ಹೆಣ್ಣಮಕ್ಕಳು ಬಸ್ಸಿನ್ಯಾಗ ಹೊಂಟ್ರ ಮುಂಜಾನಿಂದ ನೀರು ಕುಡಿಯೂದಿಲ್ಲ. ಯಾಕ? ಇಳದ ಮ್ಯಾಲೆ ಪಾಯಖಾನಿ ಹೆಂಗ ಇರ್ತದೋ ಅಂತ ಅಂಜಿಕಿ. ನಾ ಹಂಗ ಮಾಡಿ ಮಾಡಿ ಮೂತ್ರದ ಸೋಂಕು ಹಚ್ಚಿಕೊಂಡು ಹದಿನೈದು ದಿನ ಜ್ವರದಾಗ ಮಲಗೀನಿ. ನಿಮ್ಮ ಅತ್ತೇರಿಗೆ ಸಕ್ಕರಿ ಕಾಯಿಲೆ ಬ್ಯಾರೆ, ಅವರು ನೀರು ಬಿಡೂ ಹಂಗ ಇಲ್ಲ.

ಅದಕ್ಕ ಒಂದು ಸಣ್ಣ ಜಿಪ್ಪಿನ ಚೀಲ ಮಾಡಿ ಕೊಡ್ರಿ. ಅದರಾಗ ಐದು ರೂಪಾಯಿ ನಾಣ್ಯ ಒಂದು ಇಪ್ಪತ್ತು, ಪೇಪರ್ ಸೋಪು, ಟಾಯ್ಲೆಟ್ ಸೀಟಿಗೆ ಹೊಡಿಯೂ ಸಣ್ಣ ಸ್ಪ್ರೇ, ಟಿಶ್ಯೂ. ಬಸ್‌ಸ್ಟ್ಯಾಂಡಿನ್ಯಾಗ ನೂರರ ನೋಟು ತೋರಿಸಿದ್ರ ಚಿಲ್ಲರ ಇಲ್ಲ ಅಂತಾರ, ಅವಸರ ಆದಾಗ ಅಲ್ಲಿ ಜಗಳ ಮಾಡ್ಕೋಂತ ನಿಲ್ಲಾಕ ಆಗ್ತದೇನು? ನನ್ನ ಮಗಳು ನನಗ ಇಂಥಾದ್ದು ಮಾಡಿ ಕೊಟ್ಟಾಳ. ಈಗ ಧೈರ್ಯದಿಂದ ನೀರು ಕುಡೀತೀನಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿ ಬಂದೆ, ಏನೂ ತ್ರಾಸ ಆಗಲಿಲ್ಲ.

ಘಟ್ಟದ ರಸ್ತೆದಾಗ ಹೊಟ್ಟಿ ತೊಳಸ್ತದ ಅಂದ್ರ ಒಣಶುಂಠಿ ಬೆಲ್ಲದ ಉಂಡಿ ನಾಲ್ಕು ಕಟ್ಟಿ ಇಡ್ರಿ. ಸಕ್ಕರಿ ಕಾಯಿಲೆದವ್ರಿಗೆ ಬೆಲ್ಲ ಬ್ಯಾಡ, ಬರೇ ಉಪ್ಪು ಹಚ್ಚಿ ಒಣಗಿಸಿದ ಶುಂಠಿ ಸಾಕು.

ಸ್ಟುಟ್‌ಗಾರ್ಟ್ ಕನ್ನಡತಿ:

ಜರ್ಮನಿ ಅಂದ್ರಿ ಅಂತ ಬರೀತಿದ್ದೀನಿ. ನಮ್ಮಮ್ಮ ಎರಡು ಸಲ ಬಂದು ಹೋಗಿದ್ದಾರೆ.

ಮೇಲೆ ಪವರ್ ಬ್ಯಾಂಕ್ ಹೇಳಿದ್ರಲ್ಲ. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕೋ ಹಾಗಿಲ್ಲ. 100 ವಾಟ್-ಅವರ್‌ವರೆಗೆ ತೊಂದರೆ ಇಲ್ಲ, 20,000 ಎಂಎಎಚ್ ಅಂದ್ರೆ ಸುಮಾರು 74. ಆದ್ರೆ ಅತ್ತೆಗೆ 10,000ದ್ದೇ ಕೊಡಿ, ತೂಕ ಅರ್ಧ. ಹೆಗಲ ಮೇಲೆ ಬಟ್ಟೆ ಬ್ಯಾಗು ಹಾಕೋರಿಗೆ 200 ಗ್ರಾಂ ಕಡಿಮೆ ಆದ್ರೂ ಗೊತ್ತಾಗುತ್ತೆ.

ನಮ್ಮೂರಿನ ಎರಡು ಕಡ್ಡಿ ಇರೋ ಮೊಬೈಲ್ ಚಾರ್ಜರ್ ಇಲ್ಲಿನ ಗೋಡೆಗೆ ಸೇರುತ್ತೆ, ವೋಲ್ಟೇಜೂ ಅದೇ 230. ಹಾಗಾಗಿ ದುಬಾರಿ ಅಡಾಪ್ಟರ್ ಕೊಂಡು ದುಡ್ಡು ಹಾಳು ಮಾಡಬೇಡಿ. ಅದರ ಬದಲು ಕೊಕ್ಕೆ ಇರೋ ಸಣ್ಣ ಡಿಜಿಟಲ್ ತೂಕದ ಯಂತ್ರ ಕೊಡಿ, 500ರ ಆಸುಪಾಸು. ನಮ್ಮಮ್ಮ ಹೊರಡೋ ಹಿಂದಿನ ರಾತ್ರಿ ಬಚ್ಚಲಮನೆ ತೂಕದ ಯಂತ್ರದ ಮೇಲೆ ಪೆಟ್ಟಿಗೆ ತಬ್ಬಿಕೊಂಡು ನಿಂತು, ತಮ್ಮ ತೂಕ ಕಳೆದು ಲೆಕ್ಕ ಹಾಕ್ತಿದ್ರು. ಆದ್ರೂ ಏರ್‌ಪೋರ್ಟಲ್ಲಿ ಮೂರು ಕೆಜಿ ಜಾಸ್ತಿ ಆಗಿ ಹುರಿಗಡಲೆ ಚಟ್ನಿಪುಡಿ, ಹಪ್ಪಳ ಎಲ್ಲ ನೆಲದ ಮೇಲೆ ಹರಡಿ ಕೂತ್ರು. ಆ ಸಂಕಟ ಯಾರಿಗೂ ಬೇಡ.

ತುಪ್ಪ, ಪೇಡ ಕಟ್ಟಿ ಕಳಿಸಬೇಡಿ, ಹಾಲಿನ ಪದಾರ್ಥ ಹೊರಗಿನಿಂದ ತರೋಕೆ ಇಲ್ಲಿ ಬಿಡಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಅದನ್ನೂ ದ್ರವ ಅಂತಲೇ ಲೆಕ್ಕ ಹಿಡೀತಾರೆ. ಇನ್ನೊಂದು, ಡಿಸೆಂಬರ್‌ನಲ್ಲಿ ಸೀರೆ ಉಡೋರಿಗೆ ಚಳಿ ಹತ್ತೋದು ಕಾಲಿನಿಂದ. ಒಳಗೆ ಹಾಕೋ ಉಣ್ಣೆಯ ಲೆಗ್ಗಿಂಗ್ಸ್ ಒಂದು ಜೊತೆ ಕೊಟ್ರೆ ಸ್ವೆಟರ್‌ಗಿಂತ ಹೆಚ್ಚು ನೆನೆಸಿಕೊಳ್ತಾರೆ.

ಚಾರಣಿಗ, ಚಿಕ್ಕಮಗಳೂರು:

10,000ದ ಮಾತು ಒಪ್ಪಿದೆ. ನಾನು ನಾಲ್ಕು ದಿನದ ಚಾರಣದ ಲೆಕ್ಕದಲ್ಲಿ ಹೇಳಿದ್ದೆ. ಟಾರ್ಚ್ ಮಾತ್ರ ಬಿಡಬೇಡಿ ಮೇಡಂ.

ಬೆಂಗಳೂರು ಬಸವ:

ಎಲ್ಲ ಸರಿ, ಆದ್ರೆ 33 ವರ್ಷ ದುಡಿದು ನಿವೃತ್ತಿ ಆಗ್ತಿರೋರಿಗೆ ಹಗ್ಗ, ಬೀಗ, ಸೋಪು ಕೊಡೋದಾ? ಶಾಲು ಹೊದಿಸಿ ಒಂದು ಬೆಳ್ಳಿ ಸಾಮಾನು ಕೊಟ್ರೆ ಗೌರವ. ನೆಂಟರೆಲ್ಲ ಸೇರಿರೋ ಹೊತ್ತಲ್ಲಿ ಸರಪಳಿ ಬಿಚ್ಚಿ ತೋರಿಸಿದ್ರೆ ಏನು ಅಂದ್ಕೋತಾರೆ?

ಅಡಿಗೆ ಭಟ್ಟ, ಸಾಗರ:

ಬಸವಣ್ಣ, ಶಾಲು ಶಾಲೆಯವರು ಹೊದಿಸುತ್ತಾರೆ, ಬೆಳ್ಳಿ ದೇವರ ಮನೆ ಸೇರುತ್ತದೆ. ಎರಡೂ ತಪ್ಪಲ್ಲ. ಆದರೆ ಗೌರವದ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಕಾಶಿಗೆ ಹೋದವರು ಗಂಗಾಜಲ ತರದೆ ಬರುವುದಿಲ್ಲ. ಘಾಟಿನಲ್ಲಿ ಮಾರುವ ಪ್ಲಾಸ್ಟಿಕ್ ಕ್ಯಾನು ರೈಲಿನಲ್ಲಿ ಸೋರಿ ಬಟ್ಟೆಯೆಲ್ಲ ಒದ್ದೆಯಾದದ್ದನ್ನು ಎಷ್ಟು ಸಲ ಕಂಡಿದ್ದೇನೋ. ಹಿಂದಿನವರು ತಾಮ್ರದ ಪುಟ್ಟ ಗಿಂಡಿಗೆ ಬೆಸುಗೆ ಹಾಕಿಸಿಯೇ ತರುತ್ತಿದ್ದರು. ತಿರುಪಿನ ಮುಚ್ಚಳದ, ಕಾಲು ಲೀಟರಿನ ತಾಮ್ರದ ಬಾಟಲಿ ಒಂದು ಕೊಡಲಿ. ನೆಂಟರ ಮುಂದೆ ಅದನ್ನು ಕೈಗೆ ಕೊಡಬಹುದು, ಉಳಿದದ್ದನ್ನು ರಾತ್ರಿ ಕೊಡಲಿ.

ಬೆಂಗಳೂರು ಬಸವ:

ಇದು ಸರಿ ಹೋಯ್ತು ಭಟ್ಟರೇ. ನಮ್ಮಮ್ಮನಿಗೂ ಒಂದು ತಗೋತೀನಿ.

ಮೈಸೂರು ಸೊಸೆ:

ಹೇಳಿದ ಹಾಗೆ ಮಾಡಿದೆ, ಬಂದು ತಿಳಿಸ್ತೀನಿ ಅಂದ್ಕೊಂಡಿದ್ದೆ.

ದೇವರಾಜ ಮಾರುಕಟ್ಟೆ ಸುತ್ತಮುತ್ತಲೇ ಹೆಚ್ಚಿನದೆಲ್ಲ ಸಿಕ್ತು. ತಾಮ್ರದ ಬಾಟಲಿ 380, ಬೈರಾಸು ಎರಡಕ್ಕೆ 240, ಸರಪಳಿ ಮತ್ತು ನಂಬರ್ ಬೀಗ 310, ಹಗ್ಗ ಕ್ಲಿಪ್ಪು 90, ಕೊರಳ ಚೀಲ 130. ಪೇಪರ್ ಸೋಪು, ಸ್ಪ್ರೇ, ಟಿಶ್ಯೂ ಸೇರಿ 220. ಐದು ರೂಪಾಯಿಯ ಇಪ್ಪತ್ತು ನಾಣ್ಯ ನಮ್ಮ ಮೂಲೆ ಅಂಗಡಿಯವರು ಎಣಿಸಿ ಕೊಟ್ರು. ಒಟ್ಟು 1,470. ಟಾರ್ಚ್ ನಮ್ಮನೆಯವರು ತಮ್ಮ ಲೆಕ್ಕದಲ್ಲಿ ತಂದ್ರು. ತೂಕದ ಯಂತ್ರ, ಲೆಗ್ಗಿಂಗ್ಸ್ ಡಿಸೆಂಬರ್‌ಗೆ ಅಂತ ಎತ್ತಿಟ್ಟಿದ್ದೀನಿ. ಟಿಕೆಟ್ ಎರಡು, ಎರಡು, ಒಂದು ಅಂತ ಮಾಡಿದೆ, ಐದರಲ್ಲಿ ನಾಲ್ಕು ಕೆಳಗಿನ ಬರ್ತೇ ಬಂತು. ಮೇಲಿನದು ಅತ್ತೆಗಲ್ಲ, ಗುಂಪಿನಲ್ಲಿ ಚಿಕ್ಕವರಾದ ಪಿ.ಟಿ. ಟೀಚರ್‌ಗೆ.

ಬಾಟಲಿಯನ್ನ ಎಲ್ಲರ ಮುಂದೆ ಕೊಟ್ಟೆ. ಚೀಟಿ ಮಾತ್ರ ರಾತ್ರಿ, ಅವರ ಕೋಣೆಯಲ್ಲಿ. ಮೂರು ಭಾಷೆಯಲ್ಲೂ ಬರೆದು ಎರಡು ಸಲ ಹರಿದು ಹಾಕಿ, ಮೂರನೇದನ್ನ ಕೊಟ್ಟಿದ್ದೆ. ಅತ್ತೆ ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಓದಿದ್ರು. ಏನೂ ಮಾತಾಡಲಿಲ್ಲ. ಎದ್ದು ಹೋಗಿ ಕೆಂಪು ಪೆನ್ನು ತಂದು, ನಾನು "ಔಷಧಿ" ಅಂತ ಬರೆದಿದ್ದ ಕಡೆ ಗುಡಿಸನ್ನ ಹೊಡೆದುಹಾಕಿ "ಔಷಧ" ಮಾಡಿದ್ರು. ಊರಿನ ನಂಬರ್ ಅಂತ ನಾನು ಮಗನದ್ದು ಬರೆದಿದ್ದೆ. ಅದರ ಮೇಲಿನ ಸಾಲಲ್ಲಿ ನನ್ನ ನಂಬರನ್ನ ನೋಡದೇ ಬರೆದ್ರು. "ಅವನು ಮೀಟಿಂಗ್‌ನಲ್ಲಿ ಫೋನ್ ಎತ್ತಲ್ಲ" ಅಂದ್ರು.

ಆಮೇಲೆ ಕೊರಳಿಗೆ ಹಾಕ್ಕೊಂಡು ಕನ್ನಡಿ ನೋಡಿ, ಇನ್ನೂ ನಾಲ್ಕು ಬೇಕು ಅಂದ್ರು, ಒಬ್ಬೊಬ್ಬ ಗೆಳತಿಗೂ ಒಂದು. ಅವರ ಮಾತ್ರೆಗಳ ಪಟ್ಟಿ, ರಕ್ತದ ಗುಂಪು ಎಲ್ಲಾ ಈಗ ಫೋನ್ ಮಾಡಿ ಬರೆಸ್ಕೊಳ್ತಿದ್ದಾರೆ. ಭಟ್ಟರೇ, ಹಿಂಬದಿ ಪೆನ್ಸಿಲ್‌ನಲ್ಲಿ ಬರೀಬೇಕು ಅಂದ್ರಲ್ಲ, ಲ್ಯಾಮಿನೇಷನ್ ಮಾಡಿಸಿದ್ರೆ ಬರೆಯೋಕಾಗಲ್ಲ. ಏನು ಮಾಡಲಿ?

ಅಡಿಗೆ ಭಟ್ಟ, ಸಾಗರ:

ಲ್ಯಾಮಿನೇಷನ್ ಬೇಡ ತಂಗೀ. ಚೀಟಿಯನ್ನು ಜಿಪ್ಪಿನ ಪಾರದರ್ಶಕ ಕವರಿನಲ್ಲಿ ಹಾಕಿ, ಆಮೇಲೆ ಚೀಲದೊಳಗಿಡಿ. ಗಂಗೆಗಿಳಿಯುವ ಮುಂಚೆ ಚೀಲ ತೆಗೆದು ದಡದಲ್ಲಿರುವವರ ಕೈಗೆ ಕೊಡಲಿ. ಐವರೂ ಒಟ್ಟಿಗೆ ನೀರಿಗೆ ಇಳಿಯಬಾರದು, ಇದನ್ನು ಮರೆಯದೆ ಹೇಳಿ.